ದರದೊಳಗೆ ಏನೇನು ಸೇರಿತ್ತು?

ಹೋಟೆಲಿನ ಊಟದ ಬೋರ್ಡಿನಲ್ಲಿ ದರದ ಕೆಳಗೆ ಸಣ್ಣ ಅಕ್ಷರದಲ್ಲಿ ‘ಮೊಸರಿಗೆ ಪ್ರತ್ಯೇಕ’ ಎಂದು ಬರೆದಿರುವುದನ್ನು ನಾವೆಲ್ಲ ನೋಡಿದ್ದೇವೆ. ಊಟ ಎಲ್ಲಿಗೆ ಮುಗಿಯಿತು, ಹೆಚ್ಚುವರಿ ಎಲ್ಲಿಂದ ಶುರುವಾಯಿತು ಎಂದು ತೀರ್ಮಾನಿಸುವವನು ಹೋಟೆಲಿನ ಮಾಲೀಕ. ಸಮುದ್ರದ ಮೇಲೆ ಇದೇ ಗೆರೆಯನ್ನು ಹಡಗು ಕಂಪನಿಗಳು ಸುಮಾರು 180 ವರ್ಷಗಳಿಂದ ಎಳೆಯುತ್ತ, ಅಳಿಸುತ್ತ, ಮತ್ತೆ ಎಳೆಯುತ್ತ ಬಂದಿವೆ. ಇನ್ನೂರು ಮುನ್ನೂರು ಜನರನ್ನಷ್ಟೇ ಕರೆದೊಯ್ಯುವ ಇಂದಿನ ಐಷಾರಾಮಿ ಕ್ರೂಸ್ ಹಡಗುಗಳು ‘ಎಲ್ಲವೂ ದರದಲ್ಲೇ ಸೇರಿದೆ’ ಎಂದು ಜಾಹೀರಾತು ಕೊಡುತ್ತವೆ. ಇದು ನಮ್ಮ ಕಾಲದ ಉಪಾಯ ಎಂದು ತಿಳಿಯುವವರೇ ಹೆಚ್ಚು. ಹಳೆಯ ದರಪಟ್ಟಿಗಳನ್ನು ಓದಿದರೆ ಅದು ಹಾಗಲ್ಲ ಎಂದು ಗೊತ್ತಾಗುತ್ತದೆ. ಜೊತೆಗೆ ಇನ್ನೊಂದು ಪ್ರಶ್ನೆಯೂ ಎದುರಾಗುತ್ತದೆ: ತಟ್ಟೆ ಹಿಡಿದು ನಿಂತ ಮನುಷ್ಯನಿಗೆ ಕೂಲಿ ಕೊಡಬೇಕಾದವರು ಯಾರು?

1840ರ ದಶಕದಲ್ಲಿ ಇಂಗ್ಲೆಂಡಿನಿಂದ ಈಜಿಪ್ಟಿಗೆ, ಸೂಯೆಜ್‌ನಿಂದ ಕಲ್ಕತ್ತೆಗೆ ಉಗಿಹಡಗು ಓಡಿಸುತ್ತಿದ್ದ ಪಿ ಅಂಡ್ ಓ ಕಂಪನಿಯ ಜಾಹೀರಾತುಗಳಲ್ಲಿ ಒಂದು ಪುಟ್ಟ ಸಾಲು ಇರುತ್ತಿತ್ತು. ಮೊದಲ ದರ್ಜೆಯ ಪ್ರಯಾಣಿಕರ ದರದಲ್ಲಿ ಊಟ, ವೈನ್ ಮಾತ್ರವಲ್ಲ, ಸ್ಟೀವರ್ಡ್‌ಗೆ ಸಲ್ಲಬೇಕಾದ ಶುಲ್ಕವೂ ಸೇರಿದೆ ಎಂಬುದು ಅದರ ಸಾರ. ಹಾಸಿಗೆ ಹೊದಿಕೆಯೂ ಕಂಪನಿಯದೇ. ಅದಕ್ಕೆ ಮೊದಲು ಗುಡ್‌ಹೋಪ್ ಭೂಶಿರ ಸುತ್ತಿ ಬರುತ್ತಿದ್ದ ಹಾಯಿಹಡಗುಗಳಲ್ಲಿ ಪ್ರಯಾಣಿಕರು ತಮ್ಮ ಕ್ಯಾಬಿನ್ನಿಗೆ ಬೇಕಾದ ಮಂಚ, ಮೇಜು, ಕುರ್ಚಿಗಳನ್ನು ತಾವೇ ಕೊಂಡು ಹತ್ತಿಸಬೇಕಿತ್ತು. ಹಾಗಾಗಿ ಈ ಸಾಲು ಆ ಕಾಲದ ಓದುಗರಿಗೆ ದೊಡ್ಡ ಸುದ್ದಿಯೇ ಆಗಿದ್ದಿರಬೇಕು. 1844ರಲ್ಲಿ ಇದೇ ಕಂಪನಿ ಕಾದಂಬರಿಕಾರ ಠ್ಯಾಕರೆಗೆ ಮೆಡಿಟರೇನಿಯನ್ ಸುತ್ತಿ ಬರಲು ಉಚಿತ ಟಿಕೆಟ್ ಕೊಟ್ಟಿತು. ಅವನು ಆ ಪ್ರವಾಸದ ಬಗ್ಗೆ ಪುಸ್ತಕ ಬರೆದ. ಲೇಖಕರಿಗೆ ಪುಕ್ಕಟೆ ಪ್ರವಾಸ ಮಾಡಿಸಿ ಹೆಸರು ಗಳಿಸುವ ಪದ್ಧತಿ ಕೂಡ ಎಷ್ಟು ಹಳೆಯದು ನೋಡಿ.

ಕೇವಲ ವಿಹಾರಕ್ಕೆಂದೇ ಹೊರಟ ಹಡಗುಗಳಲ್ಲಿ ಲೆಕ್ಕ ಸ್ಪಷ್ಟವಾಗಿ ಸಿಗುವುದು ‘ಕ್ವೇಕರ್ ಸಿಟಿ’ಯದು. 1867ರ ಜೂನ್ 8ರಂದು ನ್ಯೂಯಾರ್ಕ್ ಬಿಟ್ಟು, ಯುರೋಪು ಮತ್ತು ಜೆರುಸಲೇಂ ಕಡೆ ಸುತ್ತಿ, ನವೆಂಬರ್ 19ಕ್ಕೆ ಮರಳಿದ ಹಡಗು ಅದು. ಮಾರ್ಕ್ ಟ್ವೇನ್ ಅದರಲ್ಲಿದ್ದ. ಅವನ ಟಿಕೆಟ್ಟಿನ ಹಣವನ್ನು ಕ್ಯಾಲಿಫೋರ್ನಿಯಾದ ಪತ್ರಿಕೆಯೊಂದು ಭರಿಸಿತ್ತು. ಮುಂದೆ ‘ದಿ ಇನ್ನೊಸೆಂಟ್ಸ್ ಅಬ್ರಾಡ್’ ಬರೆದಾಗ ಅವನು ಆ ಪ್ರವಾಸದ ಪ್ರಕಟಣೆಯನ್ನು ಪೂರ್ತಿಯಾಗಿ ಪುಸ್ತಕದೊಳಗೆ ಇಟ್ಟ. ಹಾಗಾಗಿ ಷರತ್ತುಗಳೆಲ್ಲ ಉಳಿದುಕೊಂಡಿವೆ. ವಯಸ್ಕರೊಬ್ಬರಿಗೆ ದರ 1,250 ಡಾಲರ್. ಅದರ ಶೇ. 10ರಷ್ಟು ಮುಂಗಡ ಕಟ್ಟುವವರೆಗೆ ಜಾಗ ಖಾತ್ರಿಯಿಲ್ಲ. ಬಂದರಿನಲ್ಲಿ ಹಡಗಿನಲ್ಲೇ ಉಳಿದರೆ ಹೆಚ್ಚು ಹಣವಿಲ್ಲ, ದಡಕ್ಕೆ ಒಯ್ಯುವ ದೋಣಿಯ ಖರ್ಚೂ ಹಡಗಿನದೇ. ಆದರೆ ದಡದ ಮೇಲಿನ ಪ್ರವಾಸಕ್ಕೆ ದಿನಕ್ಕೆ 5 ಡಾಲರ್ ಇಟ್ಟುಕೊಳ್ಳಿ, ಅದೂ ಚಿನ್ನದಲ್ಲಿ ಎಂಬ ಸಲಹೆ.

ಈಗ ಒಂದು ಸಣ್ಣ ಗುಣಾಕಾರ ಭಾಗಾಕಾರ ಮಾಡೋಣ. 164 ದಿನಗಳಿಗೆ 1,250 ಎಂದರೆ ದಿನಕ್ಕೆ ಏಳೂವರೆ ಡಾಲರಿಗಿಂತ ಕೊಂಚ ಹೆಚ್ಚು. ಈ ದರ ಕಾಗದದ ಹಣದ ಲೆಕ್ಕ. ಅಂತರ್ಯುದ್ಧದ ನಂತರದ ಆ ವರ್ಷಗಳಲ್ಲಿ ಅಮೆರಿಕದ ಕಾಗದದ ಡಾಲರಿಗಿಂತ ಚಿನ್ನದ ಡಾಲರಿಗೆ ಸುಮಾರು ಮೂರನೇ ಒಂದು ಭಾಗಕ್ಕೂ ಹೆಚ್ಚಿನ ಬೆಲೆ ಇತ್ತು. ಅಂದರೆ ಚಿನ್ನದ 5 ಡಾಲರ್ ಕಾಗದದ ಏಳರ ಹತ್ತಿರಕ್ಕೆ ಬಂತು. ದಡಕ್ಕಿಳಿದ ಪ್ರತಿ ದಿನವೂ ಪ್ರಯಾಣಿಕ ಹೆಚ್ಚುಕಡಿಮೆ ಇನ್ನೊಂದು ಟಿಕೆಟ್ಟಿನ ಹಣ ತೆತ್ತಂತೆ. ಪ್ರಕಟಣೆಯಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಎರಡು ಬಗೆಯ ನಾಣ್ಯದಲ್ಲಿ ಹೇಳಿದ ಎರಡು ದರಗಳನ್ನು ಕೂಡಿಸಿ ನೋಡುವ ಕೆಲಸವನ್ನು ಓದುವವನಿಗೇ ಬಿಟ್ಟಿತ್ತು. ಇಂದಿಗೂ ಕ್ರೂಸ್ ದರಗಳನ್ನು ಹೋಲಿಸುವವರು ಎಡವುವುದು ಇಲ್ಲೇ.

ಸಿರಿವಂತರಿಗಾಗಿಯೇ ಕಟ್ಟಿದ ಸಣ್ಣ ವಿಹಾರದ ಹಡಗು ಜರ್ಮನಿಯ ಹ್ಯಾಂಬರ್ಗಿನ ಆಲ್ಬರ್ಟ್ ಬ್ಯಾಲಿನ್‌ನ ಕೂಸು. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವವರು ಕಡಿಮೆಯಾಗಿ ಹಡಗುಗಳು ಸುಮ್ಮನೆ ನಿಲ್ಲುತ್ತಿದ್ದವು. ಅವನು 1891ರ ಜನವರಿಯಲ್ಲಿ ‘ಆಗುಸ್ಟಾ ವಿಕ್ಟೋರಿಯಾ’ವನ್ನು ಮೆಡಿಟರೇನಿಯನ್ ಕಡೆ ಕಳಿಸಿದ. ಅದು ಗೆದ್ದ ಮೇಲೆ ಕೇವಲ ಮೊದಲ ದರ್ಜೆಯ ಕ್ಯಾಬಿನ್‌ಗಳಿರುವ ‘ಪ್ರಿನ್ಸೆಸಿನ್ ವಿಕ್ಟೋರಿಯಾ ಲೂಯಿಸ್’ ಸಿದ್ಧವಾಯಿತು. 1901ರಲ್ಲಿ ಮೊದಲ ಯಾನ, 1906ರಲ್ಲಿ ಜಮೈಕಾದ ಬಂಡೆಗಳಿಗೆ ಬಡಿದು ಅಂತ್ಯ. ಇದೇ ಬ್ಯಾಲಿನ್‌ನ ಕಂಪನಿ 1905ರಲ್ಲಿ ‘ಅಮೆರಿಕಾ’ ಎಂಬ ಹಡಗಿನಲ್ಲಿ ಊಟಕ್ಕೆ ಬೇರೆಯೇ ಹಣ ಕೊಡಬೇಕಾದ ರಿಟ್ಜ್-ಕಾರ್ಲ್‌ಟನ್ ರೆಸ್ಟೋರೆಂಟನ್ನೂ ತೆರೆಯಿತು. ದರದೊಳಗಿದ್ದ ಊಟಕ್ಕಿಂತ ದರದ ಹೊರಗಿನ ಊಟಕ್ಕೆ ಹೆಚ್ಚು ಗೌರವ ಬಂದದ್ದು ಹೀಗೆ.

ಆ ಗೆರೆಯ ಎರಡೂ ಬದಿಗಳು ಅತ್ಯಂತ ನಿಚ್ಚಳವಾಗಿ ಕಾಣುವುದು 1912ರ ‘ಟೈಟಾನಿಕ್’ನಲ್ಲಿ. ಅದು ಸಣ್ಣದೂ ಅಲ್ಲ, ವಿಹಾರದ ಹಡಗೂ ಅಲ್ಲ. ಆದರೂ ಅದರ ಲೆಕ್ಕ ಇಲ್ಲಿಗೆ ಸಲ್ಲುತ್ತದೆ. ಡೆಕ್ಕಿನ ಮೇಲೆ ಕೂರುವ ಕುರ್ಚಿಗೆ ಇಡೀ ಪ್ರಯಾಣಕ್ಕೆ 4 ಶಿಲಿಂಗ್ ಬಾಡಿಗೆ, ಕಾಲಿಗೆ ಹೊದೆಯುವ ಕಂಬಳಿಗೆ 4 ಶಿಲಿಂಗ್, ಟರ್ಕಿಶ್ ಸ್ನಾನಕ್ಕೆ 4 ಶಿಲಿಂಗ್. ಸ್ಟೀವರ್ಡ್‌ನ ತಿಂಗಳ ಸಂಬಳ 3 ಪೌಂಡ್ 15 ಶಿಲಿಂಗ್, ಅಂದರೆ 75 ಶಿಲಿಂಗ್. ಒಂದು ಕುರ್ಚಿ, ಒಂದು ಕಂಬಳಿ, ಒಂದು ಸ್ನಾನ ಸೇರಿದರೆ ಅವನ ತಿಂಗಳ ದುಡಿಮೆಯ ಸುಮಾರು ಆರನೇ ಒಂದು ಪಾಲು. ಮನೆ ನಡೆಯಬೇಕಾದರೆ ಅವನು ನೆಚ್ಚಿಕೊಂಡದ್ದು ಪ್ರಯಾಣಿಕರು ಕೊಡುವ ಭಕ್ಷೀಸನ್ನು. ಪಿ ಅಂಡ್ ಓ ಹಿಂದೆ ದರದೊಳಗೆ ಇಟ್ಟಿದ್ದ ಸ್ಟೀವರ್ಡ್‌ನ ಶುಲ್ಕ ಇಲ್ಲಿ ಪ್ರಯಾಣಿಕನ ದಯೆಯಾಗಿ ಮಾರ್ಪಟ್ಟಿತ್ತು. ಹಣ ಕೊಟ್ಟು ಉಣ್ಣುವ ರೆಸ್ಟೋರೆಂಟನ್ನು ಲುಯಿಜಿ ಗಾಟ್ಟಿ ಎಂಬಾತ ಗುತ್ತಿಗೆಯಂತೆ ನಡೆಸುತ್ತಿದ್ದ. ಅಲ್ಲಿನ ಕೆಲಸಗಾರರು ಹಡಗು ಕಂಪನಿಯ ನೌಕರರಾಗಿರಲಿಲ್ಲ. ಅವರಲ್ಲಿ ಬದುಕುಳಿದವರು ಮೂವರೇ. ಹಡಗು ಮುಳುಗಿದಾಗಲೇ ಸಿಬ್ಬಂದಿಯ ಸಂಬಳವೂ ನಿಂತಿತು. ಅಂದಿನ ಪದ್ಧತಿಯೇ ಹಾಗಿತ್ತು. ಹಡಗು ಒಡೆದು ಕೆಲಸ ಕಳೆದುಕೊಂಡ ನಾವಿಕರಿಗೆ ಪರಿಹಾರ ಕೊಡಬೇಕೆಂಬ ಅಂತಾರಾಷ್ಟ್ರೀಯ ಒಪ್ಪಂದ ರೂಪುಗೊಂಡದ್ದು 1920ರಲ್ಲಿ.

ಅಲ್ಲಿಂದ ನೇರ 1984ಕ್ಕೆ ಬರೋಣ. ನಾರ್ವೆಯ ಉದ್ಯಮಿಗಳು ಫಿನ್ಲೆಂಡಿನಲ್ಲಿ ಕಟ್ಟಿಸಿದ ‘ಸೀ ಗಾಡೆಸ್’ ಎಂಬ ಹಡಗು ಆ ವರ್ಷ ಕಡಲಿಗಿಳಿಯಿತು. ಮರುವರ್ಷ ಅದರ ಜೋಡಿ ಹಡಗೂ ಬಂತು. ಒಂದೊಂದರಲ್ಲಿ ಸುಮಾರು 116 ಪ್ರಯಾಣಿಕರು, ಅವರನ್ನು ನೋಡಿಕೊಳ್ಳಲು ಸುಮಾರು 90 ಸಿಬ್ಬಂದಿ. ಮದ್ಯ, ಊಟ, ಭಕ್ಷೀಸು ಎಲ್ಲವೂ ದರದೊಳಗೆ. ಬಾರಿನಲ್ಲಿ ಸಹಿ ಹಾಕುವ ಚೀಟಿ ಇಲ್ಲ, ಕೊನೆಯ ರಾತ್ರಿ ಲಕೋಟೆಯಲ್ಲಿ ಹಣ ಇಡುವ ಮುಜುಗರವಿಲ್ಲ. ಹೊಸ ಯೋಚನೆಯೆಂದು ಎಲ್ಲರೂ ಹೊಗಳಿದರು. ಆದರೆ 1985ರಲ್ಲಿ ‘ಅಕಿಲೆ ಲೌರೊ’ ಹಡಗಿನ ಅಪಹರಣದ ನಂತರ ಅಮೆರಿಕನ್ನರು ಮೆಡಿಟರೇನಿಯನ್ ಕಡೆ ಬರಲು ಹೆದರಿದರು. ದುಬಾರಿ ದರದ ಕ್ಯಾಬಿನ್‌ಗಳು ಖಾಲಿ ಉಳಿದು, 1986ರಲ್ಲಿ ಎರಡೂ ಹಡಗುಗಳು ಕ್ಯೂನಾರ್ಡ್ ಕಂಪನಿಯ ಕೈಗೆ ಹೋದವು. ಹಡಗು ಸೋತರೂ ಮಾದರಿ ಗೆದ್ದಿತು. 1988ರಲ್ಲಿ ‘ಸೀಬೋರ್ನ್ ಪ್ರೈಡ್’, 1994ರಲ್ಲಿ ಸಿಲ್ವರ್‌ಸೀಯ ‘ಸಿಲ್ವರ್ ಕ್ಲೌಡ್’ ಅದೇ ದಾರಿ ಹಿಡಿದವು.

ದೊಡ್ಡ ಹಡಗುಗಳು ಹಿಡಿದದ್ದು ಇದಕ್ಕೆ ತದ್ವಿರುದ್ಧ ದಾರಿ. ಜಾಹೀರಾತಿನ ದರ ಇಳಿಯುತ್ತ, ಅದರ ಪಕ್ಕದ ಶುಲ್ಕಗಳು ಬೆಳೆಯುತ್ತ ಹೋದವು. ‘ಬಂದರು ಶುಲ್ಕ’ ಎಂದು ವಸೂಲಿ ಮಾಡಿದ್ದರಲ್ಲಿ ಬಂದರಿಗೆ ಸೇರದ ಹಣವೂ ಇತ್ತು. 1997ರಲ್ಲಿ ಫ್ಲಾರಿಡಾ ರಾಜ್ಯದ ಅಟಾರ್ನಿ ಜನರಲ್ ಜೊತೆ ಪ್ರಮುಖ ಕಂಪನಿಗಳು ಒಪ್ಪಂದಕ್ಕೆ ಬಂದು, ಸರ್ಕಾರಕ್ಕೆ ನಿಜವಾಗಿ ಕಟ್ಟುವುದನ್ನು ಮಾತ್ರ ಬೇರೆಯಾಗಿ ತೋರಿಸುವುದಾಗಿ ಒಪ್ಪಿದವು. 2024ರ ಜುಲೈನಿಂದ ಕ್ಯಾಲಿಫೋರ್ನಿಯಾದ ಕಾನೂನು ಕಡ್ಡಾಯ ಶುಲ್ಕಗಳನ್ನೆಲ್ಲ ಜಾಹೀರಾತಿನ ದರದಲ್ಲೇ ಸೇರಿಸಬೇಕೆಂದಿತು. ಭಕ್ಷೀಸಿನ ಜಾಗದಲ್ಲಿ ದಿನಕ್ಕಿಷ್ಟು ಎಂಬ ಸೇವಾ ಶುಲ್ಕ ಪ್ರಯಾಣಿಕರ ಬಿಲ್ಲಿಗೆ ತಾನಾಗಿಯೇ ಬಂದು ಕೂರುತ್ತದೆ.

ಸಣ್ಣ ಹಡಗುಗಳ ‘ಎಲ್ಲವೂ’ ಕೂಡ ಎಲ್ಲ ಕಡೆ ಒಂದೇ ಅಲ್ಲ. ರೀಜೆಂಟ್ ಕಂಪನಿ ದಡದ ಪ್ರವಾಸಗಳನ್ನೂ ದರದೊಳಗೆ ಸೇರಿಸುತ್ತದೆ. ಸೀಬೋರ್ನ್‌ನಲ್ಲಿ ಸಾಮಾನ್ಯವಾಗಿ ಅದಕ್ಕೆ ಬೇರೆ ಹಣ. ಸ್ಪಾ, ಅಪರೂಪದ ವೈನ್, ವೈದ್ಯರ ಶುಲ್ಕ ಹೊರಗೇ ಉಳಿಯುವುದು ವಾಡಿಕೆ. ದರವನ್ನು ಇಬ್ಬರು ಒಂದು ಕ್ಯಾಬಿನ್ ಹಂಚಿಕೊಳ್ಳುವ ಲೆಕ್ಕದಲ್ಲಿ ಹೇಳುತ್ತಾರೆ. ಒಂಟಿಯಾಗಿ ಹೋಗುವವರು ಹೆಚ್ಚು ತೆರಬೇಕು, ಕೆಲವೊಮ್ಮೆ ಎರಡು ಪಟ್ಟು. ಹೋಲಿಸುವವರು 1867ರ ಲೆಕ್ಕವನ್ನೇ ಮಾಡಬೇಕು: ಒಟ್ಟು ಖರ್ಚನ್ನು ಒಂದೇ ನಾಣ್ಯಕ್ಕೆ ತಂದು, ದಿನಗಳಿಂದ ಭಾಗಿಸಬೇಕು.

ಇಷ್ಟಾದರೂ ಲೆಕ್ಕಕ್ಕೆ ಸಿಗದ ಒಂದು ಬಾಬತ್ತು ಉಳಿಯುತ್ತದೆ. ಪಿ ಅಂಡ್ ಓ ಹಡಗುಗಳ ಊಟದ ಕೋಣೆಗಳಲ್ಲಿ ಬಡಿಸಿದವರಲ್ಲಿ ಗೋವಾದವರು ದೊಡ್ಡ ಸಂಖ್ಯೆಯಲ್ಲಿದ್ದರು. ಇಂದು ಮಂಗಳೂರು, ಉಡುಪಿ ಕಡೆಯ ಅನೇಕ ಹುಡುಗರು ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಕ್ರೂಸ್ ಹಡಗು ಹತ್ತುತ್ತಾರೆ. ತಿಂಗಳುಗಟ್ಟಲೆ ಕರಾರಿನ ದುಡಿಮೆ, ಮುಗಿದ ಮೇಲೆ ಸಂಬಳವಿಲ್ಲದ ರಜೆ ಅಲ್ಲಿ ಸಾಮಾನ್ಯ. 2006ರ ಕಡಲ ಕಾರ್ಮಿಕರ ಒಪ್ಪಂದ 2013ರಲ್ಲಿ ಜಾರಿಗೆ ಬಂತು, 2015ರಲ್ಲಿ ಭಾರತವೂ ಅದನ್ನು ಅನುಮೋದಿಸಿತು. ವಿಶ್ರಾಂತಿಯ ಗಂಟೆ, ಊರಿಗೆ ಮರಳುವ ಖರ್ಚು ಈಗ ಹಕ್ಕುಗಳಾಗಿವೆ.

ಭಕ್ಷೀಸು ದರದಲ್ಲೇ ಸೇರಿದೆ ಎಂದು ಓದಿದಾಗ ಪ್ರಯಾಣಿಕನಿಗೆ ನಿರಾಳ. ಆದರೆ ಹಾಗೆ ಸೇರಿದ ಹಣ ಬಡಿಸುವವನ ಸಂಬಳದ ಚೀಟಿಯಲ್ಲಿ ಎಷ್ಟಾಗಿ ಇಳಿಯಿತು ಎಂಬುದು ಯಾವ ಜಾಹೀರಾತಿನಲ್ಲೂ ಇರುವುದಿಲ್ಲ. 1840ರ ದಶಕದ ದರಪಟ್ಟಿಯಾದರೂ ಅವನ ಶುಲ್ಕವನ್ನು ಊಟ, ವೈನ್‌ಗಳ ಸಾಲಿನಲ್ಲಿ ಹೆಸರಿಸಿ ಹೇಳಿತ್ತು. ನಮ್ಮ ಕರಾವಳಿಯ ಮನೆಗಳಿಗೆ ತಿಂಗಳ ಕೊನೆಗೆ ಬರುವ ಹಣದ ಮೊತ್ತ ಇಂದಿಗೂ ಆ ಒಂದು ಸಾಲಿನ ಮೇಲೆ ನಿಂತಿದೆ.