ತಾತಗುಣಿಯ ಏಕಾಂತಕ್ಕೆ ತೆತ್ತ ಬೆಲೆ

ಕೋಣನಕುಂಟೆ ಕ್ರಾಸ್‌ನಿಂದ ಕನಕಪುರ ರಸ್ತೆಯಲ್ಲಿ ದಕ್ಷಿಣಕ್ಕೆ ಹೊರಟರೆ ದೊಡ್ಡಕಲ್ಲಸಂದ್ರ, ವಾಜರಹಳ್ಳಿ, ತಲಘಟ್ಟಪುರ ದಾಟಿದ ಮೇಲೆ ತಾತಗುಣಿ ಸಿಗುತ್ತದೆ. 2021ರ ಜನವರಿಯಲ್ಲಿ ಮೆಟ್ರೊ ರೈಲು ಈ ರಸ್ತೆಗೆ ಬಂದಾಗ ಹಳ್ಳಿಗಳ ಹೆಸರು ನಿಲ್ದಾಣದ ಫಲಕಗಳಿಗೆ ಏರಿತು. ಆ ವೇಳೆಗೆ ಹಳ್ಳಿಗಳೇ ಬಹುಪಾಲು ಬಡಾವಣೆಗಳಾಗಿದ್ದವು. ಕೋಣನಕುಂಟೆಯ ಹೆಸರಿನಲ್ಲಿ ಕೋಣವೂ ಇದೆ, ಕುಂಟೆಯೂ ಇದೆ. ಕ್ರಾಸಿನಲ್ಲಿ ನಿಂತವರಿಗೆ ಕಾಣುವುದು ಅಪಾರ್ಟ್‌ಮೆಂಟುಗಳು ಮಾತ್ರ. ಇಂಥ ರಸ್ತೆಯಲ್ಲಿ ಸುಮಾರು 470 ಎಕರೆಯ ತೋಟವೊಂದು ಹೋಳಾಗದೆ ಉಳಿದದ್ದು ಸಣ್ಣ ಸಂಗತಿಯಲ್ಲ. ಅದರ ಹಿಂದೆ ರಷ್ಯಾದ ಚಿತ್ರಕಾರರೊಬ್ಬರ, ಹಿಂದಿ ಚಿತ್ರರಂಗದ ಮೊದಲ ಸಾಲಿನ ತಾರೆಯೊಬ್ಬರ ಕಥೆ ಇದೆ. ಸ್ವತಂತ್ರವಾಗಿ ಬದುಕಬೇಕು, ಮನಸ್ಸಿಗೆ ಬಂದದ್ದನ್ನು ಮಾಡಿಕೊಂಡಿರಬೇಕು ಎಂಬ ಆಸೆ ಯಾರಿಗಿಲ್ಲ? ಆ ಆಸೆ ಕೈಗೂಡಲು ಏನೇನು ಬೇಕಾಗುತ್ತದೆ, ಕೈಗೂಡಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ತಾತಗುಣಿಯಷ್ಟು ಸ್ಪಷ್ಟ ಉದಾಹರಣೆ ಬೆಂಗಳೂರಿನ ಆಸುಪಾಸಿನಲ್ಲಿ ಸಿಗುವುದು ಕಷ್ಟ.

ಸ್ವೆತೊಸ್ಲಾವ್ ರೋರಿಕ್ ಹುಟ್ಟಿದ್ದು 1904ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ತಂದೆ ನಿಕೊಲಾಯ್ ರೋರಿಕ್ ಹಿಮಾಲಯದ ಚಿತ್ರಗಳಿಂದ ಜಗತ್ತಿನಾದ್ಯಂತ ಹೆಸರಾದವರು. ಕ್ರಾಂತಿಯ ನಂತರ ಸ್ವದೇಶ ಬಿಟ್ಟ ಈ ಕುಟುಂಬ ಯುರೋಪು, ಅಮೆರಿಕ ಸುತ್ತಿ ಕೊನೆಗೆ ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆ ನಿಂತಿತು. ಅಷ್ಟು ದೊಡ್ಡ ಮರದ ನೆರಳಿನಲ್ಲಿ ಬೆಳೆದ ಮಗನೂ ಕುಂಚ ಹಿಡಿದರೆ ಜನ ಹೋಲಿಸದೆ ಬಿಡುತ್ತಾರೆಯೇ? ತಂದೆ ಪರ್ವತಗಳನ್ನು ಬರೆದರು. ಮಗನ ಒಲವು ಮನುಷ್ಯರ ಕಡೆಗಿತ್ತು. ಹಳೆಯ ಸಂಸತ್ ಭವನದ ಸೆಂಟ್ರಲ್ ಹಾಲ್‌ಗೆ ನೆಹರೂ ಅವರ ಭಾವಚಿತ್ರ ಬರೆದವರು ಸ್ವೆತೊಸ್ಲಾವ್ ಅವರೇ. ದಕ್ಷಿಣಕ್ಕೆ ಬಂದ ಮೇಲೆ ಇಲ್ಲಿನ ಕೆಮ್ಮಣ್ಣು, ಹೊಲದಲ್ಲಿ ದುಡಿಯುವ ಹೆಂಗಸರು ಅವರ ಚಿತ್ರಗಳಲ್ಲಿ ಗಾಢ ಬಣ್ಣಗಳೊಂದಿಗೆ ಕಾಣಿಸಿಕೊಂಡರು.

ದೇವಿಕಾರಾಣಿ ಬಿಟ್ಟು ಬಂದದ್ದು ಇನ್ನೂ ದೊಡ್ಡದು. 1934ರಲ್ಲಿ ಪತಿ ಹಿಮಾಂಶು ರಾಯ್ ಜೊತೆ ಬಾಂಬೆ ಟಾಕೀಸ್ ಕಟ್ಟಿದವರು ಅವರು. 1936ರ ‘ಅಛೂತ್ ಕನ್ಯಾ’ ಅವರನ್ನು ಮನೆಮಾತಾಗಿಸಿತು. 1940ರಲ್ಲಿ ರಾಯ್ ತೀರಿಕೊಂಡಾಗ ಸ್ಟುಡಿಯೊದ ಭಾರವೆಲ್ಲ ಅವರ ಹೆಗಲಿಗೆ ಬಿತ್ತು. ಹೆಂಗಸೊಬ್ಬಳು ಸ್ಟುಡಿಯೊ ನಡೆಸುವುದೇ ಅಪರೂಪವಾಗಿದ್ದ ಕಾಲ ಅದು. ಒಳಜಗಳಗಳ ನಡುವೆಯೂ ಅವರು ಅದನ್ನು ನಡೆಸಿದರು. ದಿಲೀಪ್ ಕುಮಾರ್ ಅವರನ್ನು ಪರದೆಗೆ ತಂದರು. 1945ರಲ್ಲಿ ರೋರಿಕ್ ಅವರನ್ನು ಮದುವೆಯಾಗಿ ಚಿತ್ರರಂಗದಿಂದ ಹೊರನಡೆದವರು ಮತ್ತೆ ನಟಿಸಲಿಲ್ಲ. ಪ್ರೀತಿಗಾಗಿ ಕಲೆಯನ್ನು ತ್ಯಾಗ ಮಾಡಿದರು ಎಂದು ಹೇಳುವುದು ವಾಡಿಕೆ. ಆದರೆ ಐದು ವರ್ಷ ಲೆಕ್ಕಪತ್ರ, ಷೇರುದಾರರು, ಬಣ ರಾಜಕೀಯವನ್ನು ಎದುರಿಸಿದವರಿಗೆ ಅದು ತ್ಯಾಗವಾಗಿ ಕಂಡಿತೋ, ಬಿಡುಗಡೆಯಾಗಿ ಕಂಡಿತೋ! ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಮೊಟ್ಟಮೊದಲು, 1969ನೇ ಸಾಲಿಗೆ ಪಡೆದವರು ಅವರೇ. ಆ ಹೊತ್ತಿಗೆ ಅವರು ಪರದೆ ಬಿಟ್ಟು ಎರಡು ದಶಕಕ್ಕೂ ಹೆಚ್ಚಾಗಿತ್ತು.

ಏಕಾಂತವೂ ಬಿಟ್ಟಿ ಸಿಗುವುದಿಲ್ಲ. ಕಲಾವಿದರ ಬದುಕನ್ನು ಬರೆಯುವವರು ಸಾಮಾನ್ಯವಾಗಿ ಈ ಲೆಕ್ಕವನ್ನು ಬಿಟ್ಟುಬಿಡುತ್ತಾರೆ. ತಾತಗುಣಿಯ ಮಟ್ಟಿಗೆ ಲೆಕ್ಕ ನಿಂತದ್ದು ಲಿನಾಲೋ ಎಂಬ ಮರದ ಮೇಲೆ. ಮೂಲ ಮೆಕ್ಸಿಕೊದ್ದು. ಅಲ್ಲಿ ಮರ ಕಡಿದು ಎಣ್ಣೆ ತೆಗೆಯುತ್ತಿದ್ದರು. ಇಲ್ಲಿ ಹಣ್ಣಿನ ಸಿಪ್ಪೆಯನ್ನು ಹಬೆಯಲ್ಲಿ ಬಟ್ಟಿ ಇಳಿಸಿ ಸುಗಂಧ ತೈಲ ತೆಗೆಯುವ ಪದ್ಧತಿ ಬೆಳೆಯಿತು. ಮರ ಕಡಿಯಬೇಕಿಲ್ಲ, ಫಸಲು ಮಾತ್ರ ಬಿಡಿಸಿಕೊಂಡರೆ ಸಾಕು. 1954ರಲ್ಲಿ ಸರ್ಕಾರ ಲಿನಾಲೋ ಬೆಳೆಗೆಂದು ದಂಪತಿಗೆ 100 ಎಕರೆ ಮಂಜೂರು ಮಾಡಿತು. ಉಳಿದದ್ದನ್ನು ಅವರು ಕೊಂಡರು. ಹೀಗೆ ಅತ್ತರಿನ ಎಣ್ಣೆ ಬಣ್ಣಕ್ಕೂ ಬಿಡುವಿಗೂ ಆಸರೆಯಾಯಿತು.

ಇಲ್ಲೊಂದು ಇಕ್ಕಟ್ಟಿನ ಪ್ರಶ್ನೆಯೂ ಇದೆ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಹೆಚ್ಚುವರಿ ಜಮೀನಿಗೆ ಮಿತಿ ಹಾಕಿತು. ‘ಉಳುವವನೇ ಹೊಲದೊಡೆಯ’ ಎಂಬ ಮಾತು ಊರೂರಲ್ಲಿ ಕೇಳುತ್ತಿದ್ದ ದಿನಗಳವು. ಲಿನಾಲೋ ತೋಟಕ್ಕೆ ಕಾನೂನಿನಲ್ಲಿ ವಿನಾಯಿತಿ ಇದ್ದದ್ದನ್ನು ರೋರಿಕ್ ದಂಪತಿ ಮುಂದಿಟ್ಟರು. ಎರಡು ಎಕರೆ ರಾಗಿ ಹೊಲದವನಿಗೆ ಇಬ್ಬರ ನೆಮ್ಮದಿಗೆ ಇಷ್ಟು ಭೂಮಿ ಏಕೆ ಎನ್ನಿಸಿದ್ದರೆ ಅದು ಅಸೂಯೆ ಎಂದು ತಳ್ಳಿಹಾಕುವಂತಿಲ್ಲ. ಹಾಗೆಯೇ, ಆ ವಿನಾಯಿತಿ ಇಲ್ಲದಿದ್ದರೆ ಇಂದು ಅಲ್ಲಿ ಒಂದು ಮರವಾದರೂ ನಿಂತಿರುತ್ತಿತ್ತೇ ಎಂಬುದೂ ಅನುಮಾನವೇ. ಮುಂದೆ ಆ ವಿನಾಯಿತಿಯೂ ಹೋಯಿತು.

ದಂಪತಿಗೆ ಮಕ್ಕಳಿರಲಿಲ್ಲ. ವಯಸ್ಸಾದಂತೆ ತೋಟ ನೋಡಿಕೊಳ್ಳುವ ಶಕ್ತಿ ಕುಂದಿತು. ಕೊನೆಗಾಲದಲ್ಲಿ ಇಬ್ಬರೂ ತೋಟ ಬಿಟ್ಟು ನಗರದ ಹೋಟೆಲೊಂದರಲ್ಲಿದ್ದರು. ಯಾರ ಹಂಗೂ ಬೇಡವೆಂದು ದೂರ ಬಂದವರು ಪ್ರತಿಯೊಂದಕ್ಕೂ ಬೇರೆಯವರನ್ನು ನೆಚ್ಚಬೇಕಾಯಿತು. 1993ರ ಜನವರಿ 30ರಂದು ರೋರಿಕ್, 1994ರ ಮಾರ್ಚ್ 9ರಂದು ದೇವಿಕಾರಾಣಿ ನಿಧನರಾದರು. ತೋಟದ ಒಂದು ಭಾಗವನ್ನು ಕೊಂಡಿರುವುದಾಗಿ ಖಾಸಗಿ ಕಂಪೆನಿಯೊಂದು ಹೇಳಿತು. ಉಯಿಲುಗಳ ಮಾತೂ ಬಂತು. 1996ರಲ್ಲಿ ರಾಜ್ಯ ಸರ್ಕಾರ ಈ ಒಂದೇ ಎಸ್ಟೇಟಿಗಾಗಿ ಪ್ರತ್ಯೇಕ ಕಾಯಿದೆ ಮಾಡಿ ಅದನ್ನು ವಶಕ್ಕೆ ಪಡೆಯಲು ಹೊರಟಿತು. ವ್ಯಾಜ್ಯ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದವರೆಗೆ ಹೋಯಿತು. 2011ರ ಆಗಸ್ಟ್ 9ರಂದು ಪೀಠ ಕಾಯಿದೆಯನ್ನು ಎತ್ತಿಹಿಡಿಯಿತು. ಆಸ್ತಿಯ ಹಕ್ಕು ಮೂಲಭೂತ ಹಕ್ಕಾಗಿ ಉಳಿದಿಲ್ಲವಾದರೂ ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ ಎಂಬ ಅಂಶವನ್ನೂ ಅದೇ ತೀರ್ಪು ಬಿಡಿಸಿ ಹೇಳಿತು. ದೇಶದ ಭೂಸ್ವಾಧೀನ ಮೊಕದ್ದಮೆಗಳಲ್ಲಿ ವಕೀಲರು ಇಂದಿಗೂ ಉಲ್ಲೇಖಿಸುವ ತೀರ್ಪು ಇದು.

ಯುದ್ಧಕಾಲದಲ್ಲಿ ವಸ್ತುಸಂಗ್ರಹಾಲಯ, ಗ್ರಂಥಾಲಯ, ಸ್ಮಾರಕಗಳನ್ನು ಯಾರೂ ಮುಟ್ಟಬಾರದೆಂಬ ಅಂತರರಾಷ್ಟ್ರೀಯ ಒಪ್ಪಂದ 1935ರಲ್ಲಿ ವಾಷಿಂಗ್ಟನ್‌ನಲ್ಲಿ ಆಯಿತು. ಅದಕ್ಕೆ ನಿಕೊಲಾಯ್ ರೋರಿಕ್ ಅವರದೇ ಹೆಸರು. ಮಗನ ಮನೆಯನ್ನು ಶಾಂತಿಕಾಲದಲ್ಲಿ ಕಾಯಲು ಹದಿನೈದು ವರ್ಷ ಕೋರ್ಟು ಅಲೆಯಬೇಕಾಯಿತು.

ಸ್ವೆತೊಸ್ಲಾವ್ ಬದುಕಿರುವಾಗಲೇ ಕೈಯಾರೆ ಕೊಟ್ಟ ಚಿತ್ರಗಳದ್ದು ಬೇರೆ ಕಥೆ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ತಂದೆ ಮಗನ ಕೃತಿಗಳಿಗೆಂದೇ ಗ್ಯಾಲರಿ ಇದೆ. ಅವನ್ನು ನೋಡಲು ಟಿಕೆಟ್ಟೊಂದಿದ್ದರೆ ಸಾಕು. ಅವರಿಬ್ಬರ ಸಮಾಧಿಗಳು ಮಾತ್ರ ತಾತಗುಣಿಯಲ್ಲಿ, ಆ ತೋಟದೊಳಗೇ ಇವೆ.