ಲಿನಕ್ಸ್ ಹಾಕಿದರೆ ವೈಫೈ ಪ್ರಿಂಟರ್ ಕೈಕೊಡುತ್ತದೆಯೇ?

ಕಂಪ್ಯೂಟರಿಗೆ ಲಿನಕ್ಸ್ ಹಾಕಿಸಿದರೆ ವೈಫೈ ಪ್ರಿಂಟರ್ ನೆಟ್ಟಗೆ ಓಡುವುದಿಲ್ಲ, ಇವತ್ತು ಪ್ರಿಂಟ್ ಕೊಟ್ಟದ್ದು ನಾಳೆ ಕೊಡುವುದಿಲ್ಲ, ಸುಮ್ಮನೆ ವಿಂಡೋಸ್‌ಗೆ ಮರಳಿ. ಈ ಅರ್ಥದ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತಿರುತ್ತವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ, ಹಳೆಯ ಕಂಪ್ಯೂಟರ್ ಎಸೆಯಲು ಮನಸ್ಸಿಲ್ಲದವರು ಉಬುಂಟು, ಲಿನಕ್ಸ್ ಮಿಂಟ್ ಕಡೆ ನೋಡುತ್ತಿದ್ದಾರೆ. ಅವರಿಗೆ ಸಿಗುವ ಮೊದಲ ಎಚ್ಚರಿಕೆಯೇ ಇದು.

ಇದರಲ್ಲಿ ಅರ್ಧ ಸತ್ಯವಿದೆ. ಪ್ರಿಂಟರ್ ಒಂದು ದಿನ ಓಡಿ ಇನ್ನೊಂದು ದಿನ ಮುಷ್ಕರ ಹೂಡುವುದು ನಿಜ. ಆದರೆ ಹೆಚ್ಚಿನ ಸಲ ತಪ್ಪು ಲಿನಕ್ಸಿನದ್ದಲ್ಲ, ಪ್ರಿಂಟರಿನದ್ದೂ ಅಲ್ಲ. ಇಬ್ಬರ ನಡುವಿನ ವಿಳಾಸ ತಪ್ಪಿರುತ್ತದೆ.

ಲಿನಕ್ಸ್‌ನಲ್ಲಿ ಮುದ್ರಣದ ಹೊಣೆ ಹೊತ್ತಿರುವುದು ಕಪ್ಸ್ ಎಂಬ ತಂತ್ರಾಂಶ. ಮೈಕಲ್ ಸ್ವೀಟ್ ಎಂಬ ಅಮೆರಿಕದ ತಂತ್ರಜ್ಞರು ಬರೆದ ಇದು 1999ರಲ್ಲಿ ಹೊರಬಂತು. 2002ರಲ್ಲಿ ಆಪಲ್ ಕಂಪನಿ ಇದನ್ನೇ ತನ್ನ ಮ್ಯಾಕ್ ಕಂಪ್ಯೂಟರುಗಳಿಗೆ ಅಳವಡಿಸಿಕೊಂಡಿತು. ಅಂದರೆ ಲಕ್ಷಗಟ್ಟಲೆ ಬೆಲೆಯ ಮ್ಯಾಕ್‌ನಲ್ಲಿ ಪ್ರಿಂಟ್ ತೆಗೆಯುವ ಒಳಯಂತ್ರವೂ, ನಿಮ್ಮ ಹಳೆಯ ಕಂಪ್ಯೂಟರಿನ ಲಿನಕ್ಸ್‌ನಲ್ಲಿರುವ ಒಳಯಂತ್ರವೂ ಒಂದೇ ಮನೆತನದವು. ಬಂಟ್ವಾಳ ತಾಲೂಕಿನ ವಿಟ್ಲದಿಂದ ಗಡಿ ದಾಟಿದರೆ ಸಿಗುವ ಕಾಸರಗೋಡಿನ ಕನ್ನಡ ಮಾಧ್ಯಮ ಸರಕಾರಿ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಲಿನಕ್ಸ್‌ನಲ್ಲಿ. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲಿ ಶುರುವಾಗಿ 2017ರಲ್ಲಿ ಕೈಟ್ ಎಂಬ ಕಂಪನಿಯಾಯಿತು. ಉಬುಂಟು ಆಧರಿಸಿದ ಅದರದ್ದೇ ಲಿನಕ್ಸ್ ಆವೃತ್ತಿ ಆ ಶಾಲೆಗಳಲ್ಲಿದೆ. ಲಿನಕ್ಸ್‌ನಲ್ಲಿ ಪ್ರಿಂಟೇ ಆಗುವುದಿಲ್ಲ ಎಂಬ ಮಾತು ಇಲ್ಲಿಗೆ ಬಿತ್ತು.

ಹಾಗಾದರೆ ನಿನ್ನೆ ಓಡಿದ ಪ್ರಿಂಟರ್ ಇವತ್ತೇಕೆ ಓಡುವುದಿಲ್ಲ?

ಮನೆಯ ಅಥವಾ ಅಂಗಡಿಯ ವೈಫೈ ರೂಟರ್ ತನ್ನಲ್ಲಿಗೆ ಬಂದ ಪ್ರತಿ ಸಾಧನಕ್ಕೂ ಒಂದು ಐಪಿ ವಿಳಾಸ ಕೊಡುತ್ತದೆ. 192.168.1.7 ಎಂಬಂಥ ನಾಲ್ಕು ಸಂಖ್ಯೆಗಳು. ಇದು ಕಾಯಂ ಅಲ್ಲ, ಬಾಡಿಗೆಗೆ ಕೊಟ್ಟದ್ದು. ಬಿ.ಸಿ. ರೋಡಿನಿಂದ ಧರ್ಮಸ್ಥಳಕ್ಕೆ ಹೋಗುವ ರಿಸರ್ವೇಶನ್ ಇಲ್ಲದ ಬಸ್ಸನ್ನು ನೆನಪಿಸಿಕೊಳ್ಳಿ. ಕಿಟಕಿ ಪಕ್ಕ ಕೂತಿದ್ದೀರಿ, ಪುಂಜಾಲಕಟ್ಟೆಯಲ್ಲಿ ಇಳಿದು ನೀರಿನ ಬಾಟಲಿ ತಂದಿರಿ. ಬಸ್ಸು ಖಾಲಿಯಿದ್ದರೆ ಅದೇ ಸೀಟು ಸಿಗುತ್ತದೆ. ರಶ್ ಇದ್ದರೆ ಬೇರೆ ಯಾರೋ ಕೂತಿರುತ್ತಾರೆ, ನೀವು ಹಿಂದಿನ ಸೀಟಿಗೆ ಹೋಗುತ್ತೀರಿ. ನಿಮ್ಮನ್ನು ಹುಡುಕಿಕೊಂಡು ಬಂದವರು ಹಳೆಯ ಸೀಟಿನ ಬಳಿ ನಿಂತು ಕರೆದರೆ ಓಗೊಡುವವರು ಯಾರು?

ಕರೆಂಟ್ ಹೋಗಿ ಬಂದಾಗ ಆಗುವುದು ಇದೇ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಘಟ್ಟದ ಬುಡದ ಬೆಳ್ತಂಗಡಿಯಲ್ಲಿ ಮುಂಗಾರಿಗೆ ಮೊದಲು ಮತ್ತು ಹಿಂಗಾರಿನಲ್ಲಿ ಸಂಜೆ ಗುಡುಗು ಶುರುವಾಯಿತೆಂದರೆ ಎಲ್ಲ ಪ್ಲಗ್ ಕಿತ್ತಿಡುವುದು ಮನೆಮನೆಯ ಪದ್ಧತಿ (ಒಳ್ಳೆಯ ಪದ್ಧತಿ, ಬಿಡಬೇಡಿ). ಮತ್ತೆ ಎಲ್ಲವನ್ನೂ ಹಾಕಿದಾಗ ರೂಟರ್ ಹೊಸದಾಗಿ ಎಣಿಸಲು ಕೂರುತ್ತದೆ. ಯಾರಿಗೆ ಯಾವ ವಿಳಾಸ ಕೊಟ್ಟಿದ್ದೆ ಎಂಬ ಪಟ್ಟಿಯನ್ನು ಎಷ್ಟೋ ರೂಟರುಗಳು ಕರೆಂಟ್ ಹೋದ ಕೂಡಲೇ ಮರೆಯುತ್ತವೆ. ಜೇಬಿನ ಮೊಬೈಲ್ ಕ್ಷಣದಲ್ಲಿ ಸೇರಿಕೊಂಡು ಒಂದು ಸಂಖ್ಯೆ ಹಿಡಿಯುತ್ತದೆ. ಪ್ರಿಂಟರ್ ಎದ್ದು ಮೈಮುರಿದು ಬರುವಷ್ಟರಲ್ಲಿ ಅದರ ಹಳೆಯ ಸಂಖ್ಯೆ ಹೋಗಿರಬಹುದು. ಕಂಪ್ಯೂಟರ್ ಮಾತ್ರ ತಾನು ಬರೆದಿಟ್ಟುಕೊಂಡ 192.168.1.7ಕ್ಕೇ ಪುಟ ಕಳಿಸುತ್ತಲೇ ಇರುತ್ತದೆ. ಈಗ ಆ ವಿಳಾಸದಲ್ಲಿರುವುದು ಮಗಳ ಫೋನ್.

ಇದರ ಜೊತೆಗೆ ಇನ್ನೊಂದು ತೊಡಕಿದೆ. ಜನ ಲಿನಕ್ಸನ್ನು ಬಯ್ಯುವುದು ನಿಜಕ್ಕೂ ಇದರಿಂದ. ಕಳಿಸಿದ ಪುಟ ತಲುಪದೆ ಹೋದರೆ ಕಪ್ಸ್ ಕೆಲವು ವ್ಯವಸ್ಥೆಗಳಲ್ಲಿ ಆ ಪ್ರಿಂಟರಿನ ಸಾಲನ್ನೇ ನಿಲ್ಲಿಸಿಬಿಡುತ್ತದೆ. ಪುಟ ವ್ಯರ್ಥವಾಗದಿರಲಿ ಎಂಬ ಒಳ್ಳೆಯ ಉದ್ದೇಶ ಅದರದ್ದು. ಆದರೆ ಪ್ರಿಂಟರ್ ಮರಳಿ ಬಂದರೂ ಸಾಲು ತಾನಾಗಿ ಶುರುವಾಗುವುದಿಲ್ಲ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದರೂ ನಿಂತದ್ದು ನಿಂತೇ ಇರುತ್ತದೆ. ಹತ್ತು ಸಲ ಪ್ರಿಂಟ್ ಒತ್ತಿದರೆ ಹತ್ತೂ ಸಾಲಿನಲ್ಲಿ ಸೇರಿಕೊಳ್ಳುತ್ತವೆ. ಮುಂದೊಂದು ದಿನ ಸಾಲು ತೆರೆದಾಗ ಒಂದೇ ಪಹಣಿಯ ಹತ್ತು ಪ್ರತಿ ಹೊರಬೀಳುತ್ತದೆ.

ಪ್ರಿಂಟರನ್ನು ಅಳಿಸಿ ಮತ್ತೆ ಸೇರಿಸಿದರೆ ಸರಿಹೋಗುತ್ತದೆ ಎಂದು ಅನುಭವಸ್ಥರು ಹೇಳುತ್ತಾರಲ್ಲ, ಅದಕ್ಕೆ ಕಾರಣವೂ ಇಲ್ಲೇ ಇದೆ. ಮತ್ತೆ ಸೇರಿಸಿದಾಗ ಹೊಸ ವಿಳಾಸ ದಾಖಲಾಗುತ್ತದೆ, ಹೊಸ ಸಾಲು ತೆರೆಯುತ್ತದೆ. ಮುಂದಿನ ಸಿಡಿಲಿನವರೆಗೆ ನೆಮ್ಮದಿ. ವಿಂಡೋಸ್ ಮರುಸ್ಥಾಪಿಸಿದಾಗ ಸರಿಹೋದಂತೆ ಕಾಣುವುದೂ ಇದೇ ಕಾರಣಕ್ಕೆ. ಐಪಿ ವಿಳಾಸ ನಂಬಿಕೊಂಡ ವಿಂಡೋಸ್ ಕಂಪ್ಯೂಟರಿಗೂ ಇದೇ ಗತಿ.

ತಪ್ಪು ಯಾರದ್ದೆಂದು ಹುಡುಕುವುದು

ಏನನ್ನೂ ಅಳಿಸುವ ಮೊದಲು ಕೈಯಲ್ಲಿರುವ ಮೊಬೈಲಿನಿಂದಲೇ ಪರೀಕ್ಷೆ ಮಾಡಿ. ಮೊಬೈಲನ್ನು ಅದೇ ವೈಫೈಗೆ ಸೇರಿಸಿ, ಒಂದು ಫೋಟೋವನ್ನು ಆ ಪ್ರಿಂಟರಿಗೆ ಕಳಿಸಿ ನೋಡಿ. ಮೊಬೈಲಿನಿಂದಲೂ ಬರದಿದ್ದರೆ ಲಿನಕ್ಸನ್ನು ಬಿಟ್ಟುಬಿಡಿ, ತೊಂದರೆ ಪ್ರಿಂಟರ್ ಅಥವಾ ರೂಟರಿನಲ್ಲಿದೆ. ಮೊಬೈಲಿನಿಂದ ಬಂದು ಕಂಪ್ಯೂಟರಿನಿಂದ ಬರದಿದ್ದರೆ ಮಾತ್ರ ಕಂಪ್ಯೂಟರ್ ಕಡೆ ತಿರುಗಿ.

ನಂತರ ಪ್ರಿಂಟರಿನ ಗುಂಡಿಗಳಿಂದಲೇ ನೆಟ್‌ವರ್ಕ್ ವರದಿಯ ಪುಟವೊಂದನ್ನು ಮುದ್ರಿಸಿ. ಬಹುತೇಕ ವೈಫೈ ಪ್ರಿಂಟರುಗಳಲ್ಲಿ ಈ ಸೌಲಭ್ಯವಿದೆ. ಅದರಲ್ಲಿ ಪ್ರಿಂಟರಿನ ಈಗಿನ ವಿಳಾಸ ಇರುತ್ತದೆ. ಅದು 169.254 ಎಂದು ಶುರುವಾಗಿದ್ದರೆ ಪ್ರಿಂಟರಿಗೆ ರೂಟರ್ ವಿಳಾಸವನ್ನೇ ಕೊಟ್ಟಿಲ್ಲ, ಅದು ತಾನೇ ಒಂದು ಇಟ್ಟುಕೊಂಡಿದೆ ಎಂದರ್ಥ. ಆಗ ಪ್ರಿಂಟರನ್ನು ಮತ್ತೆ ವೈಫೈಗೆ ಸೇರಿಸುವುದು ಬಿಟ್ಟು ಬೇರೆ ದಾರಿಯಿಲ್ಲ. ಹೊಸ ಫೈಬರ್ ಸಂಪರ್ಕ ಹಾಕಿಸಿ ರೂಟರ್ ಬದಲಾದ ಮನೆಗಳಲ್ಲಿ ಇದು ಸಾಮಾನ್ಯ: ಫೋನುಗಳೆಲ್ಲ ಹೊಸ ವೈಫೈಗೆ ಹೋಗಿರುತ್ತವೆ, ಪ್ರಿಂಟರ್ ಒಂದೇ ಹಳೆಯ ಹೆಸರನ್ನು ಹುಡುಕುತ್ತ ಕೂತಿರುತ್ತದೆ. ಹೊಸ ರೂಟರಿಗೂ ಹಳೆಯದರ ಹೆಸರು, ಪಾಸ್‌ವರ್ಡ್ ಇಟ್ಟರೆ ಈ ತಾಪತ್ರಯ ಇಲ್ಲ.

ಈಗ ಲಿನಕ್ಸ್ ಕಂಪ್ಯೂಟರ್. ಬ್ರೌಸರಿನ ವಿಳಾಸಪಟ್ಟಿಯಲ್ಲಿ ಇಂಗ್ಲಿಷ್‌ನಲ್ಲಿ ಲೋಕಲ್‌ಹೋಸ್ಟ್ ಎಂದು ಬರೆದು, ಕೋಲನ್ ಹಾಕಿ, 631 ಎಂದು ಟೈಪ್ ಮಾಡಿ. ಕಪ್ಸ್‌ನ ಸ್ವಂತ ಪುಟ ತೆರೆಯುತ್ತದೆ. ಇಂಟರ್ನೆಟ್ ಬೇಕಿಲ್ಲ, ಇದು ನಿಮ್ಮ ಕಂಪ್ಯೂಟರಿನೊಳಗಿನದ್ದೇ. ಪ್ರಿಂಟರ್ಸ್ ಎಂಬಲ್ಲಿ ನಿಮ್ಮ ಪ್ರಿಂಟರ್ ಹೆಸರು ಒತ್ತಿದರೆ ಕಪ್ಸ್ ಯಾವ ವಿಳಾಸಕ್ಕೆ ಕಳಿಸುತ್ತಿದೆ ಎಂದು ಕಾಣುತ್ತದೆ. ವರದಿಯ ಪುಟದಲ್ಲಿರುವ ವಿಳಾಸದೊಂದಿಗೆ ಹೋಲಿಸಿ. ಬೇರೆಬೇರೆಯಾಗಿದ್ದರೆ ಕಳ್ಳ ಸಿಕ್ಕಿದ. ವಿಳಾಸ ಒಂದೇ ಇದ್ದು ಸ್ಥಿತಿ ಮಾತ್ರ ‘ಪಾಸ್ಡ್’ ಎಂದು ತೋರಿಸುತ್ತಿದ್ದರೆ ಮೇಂಟೆನೆನ್ಸ್ ಪಟ್ಟಿಯಲ್ಲಿ ‘ರೆಸ್ಯೂಮ್ ಪ್ರಿಂಟರ್’ ಒತ್ತಿ. ಕಂಪ್ಯೂಟರಿನ ಬಳಕೆದಾರ ಹೆಸರು, ಪಾಸ್‌ವರ್ಡ್ ಕೇಳಬಹುದು. ರೆಸ್ಯೂಮ್ ಒತ್ತುವ ಮುಂಚೆ ಸಾಲಿನಲ್ಲಿ ಬಿದ್ದಿರುವ ಹಳೆಯ ಪುಟಗಳನ್ನು ರದ್ದು ಮಾಡಿದರೆ ಕಾಗದ ಉಳಿಯುತ್ತದೆ.

ಒಂದೇ ಪ್ರಿಂಟರಿಗೆ ಎರಡು ಹೆಸರು ಕಂಡರೆ ಗಾಬರಿ ಬೇಡ. ಒಂದು ನೀವು ಸೇರಿಸಿದ್ದು, ಇನ್ನೊಂದು ಲಿನಕ್ಸ್ ತಾನಾಗಿ ಕಂಡುಹಿಡಿದದ್ದು. ಸತ್ತ ವಿಳಾಸದ್ದನ್ನು ಅಳಿಸಿ.

ಮತ್ತೆ ಬಾರದಂತೆ

ಮೊದಲ ಮದ್ದು ಸೀಟು ರಿಸರ್ವ್ ಮಾಡುವುದು. ರೂಟರಿನ ಸೆಟ್ಟಿಂಗ್ಸ್‌ನಲ್ಲಿ ‘ಅಡ್ರೆಸ್ ರಿಸರ್ವೇಶನ್’ ಎಂಬ ಜಾಗ ಇರುತ್ತದೆ. ನೆಟ್‌ವರ್ಕ್ ವರದಿಯಲ್ಲಿರುವ ಪ್ರಿಂಟರಿನ ಮ್ಯಾಕ್ ವಿಳಾಸವನ್ನು (ಎರಡೆರಡು ಅಕ್ಷರಗಳ ಆರು ಜೋಡಿ, ಆಪಲ್‌ನ ಮ್ಯಾಕ್‌ಗೂ ಇದಕ್ಕೂ ಸಂಬಂಧವಿಲ್ಲ) ಅಲ್ಲಿ ನಮೂದಿಸಿ ಒಂದು ಐಪಿ ವಿಳಾಸ ಕಟ್ಟಿಕೊಡಿ. ಇನ್ನು ಎಷ್ಟು ಸಲ ಕರೆಂಟ್ ಹೋದರೂ ಆ ಸೀಟು ಪ್ರಿಂಟರಿನದ್ದೇ. ನಾವು ಒಂದೇ ಸಲಹೆ ಕೊಡಬೇಕಿದ್ದರೆ ಇದನ್ನೇ ಕೊಡುತ್ತೇವೆ.

ಎರಡನೆಯದು, ಕಪ್ಸ್ ಪುಟದಲ್ಲಿ ಪ್ರಿಂಟರಿನ ‘ಸೆಟ್ ಡೀಫಾಲ್ಟ್ ಆಪ್ಷನ್ಸ್’ಗೆ ಹೋಗಿ ‘ಪಾಲಿಸೀಸ್’ ಕೆಳಗೆ ‘ಎರರ್ ಪಾಲಿಸಿ’ ನೋಡಿ. ಅಲ್ಲಿ ‘ಸ್ಟಾಪ್ ಪ್ರಿಂಟರ್’ ಇದ್ದರೆ ‘ರಿಟ್ರೈ ಜಾಬ್’ಗೆ ಬದಲಿಸಿ. ಆಗ ಪ್ರಿಂಟರ್ ಸಿಗದಿದ್ದರೆ ಸಾಲು ನಿಲ್ಲುವ ಬದಲು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸುತ್ತದೆ.

ಕೆಲವು ಪ್ರಿಂಟರುಗಳು ಗಂಟೆಗಟ್ಟಲೆ ಕೆಲಸವಿಲ್ಲದಿದ್ದರೆ ತಾವಾಗಿ ಪೂರ್ತಿ ಆಫ್ ಆಗುತ್ತವೆ. ಅದನ್ನು ಪ್ರಿಂಟರಿನ ಸೆಟ್ಟಿಂಗ್ಸ್‌ನಲ್ಲೇ ನಿಲ್ಲಿಸಬಹುದು. ರೂಟರನ್ನು ಇನ್ವರ್ಟರಿಗೆ ಕೊಡಿ, ಅದಕ್ಕೆ ಬೇಕಾಗುವ ವಿದ್ಯುತ್ ಅತ್ಯಲ್ಪ. ಲೇಸರ್ ಪ್ರಿಂಟರನ್ನು ಮಾತ್ರ ಸಣ್ಣ ಯುಪಿಎಸ್‌ಗೆ ಹಚ್ಚಬೇಡಿ. ಒಳಗಿನ ಬಿಸಿ ರೋಲರ್ ಒಮ್ಮೆಲೇ ತುಂಬ ವಿದ್ಯುತ್ ಎಳೆಯುತ್ತದೆ.

ಮುರಕಲ್ಲಿನ ದಪ್ಪ ಗೋಡೆಯ ಹಳೆಯ ಮನೆಗಳಲ್ಲಿ ಚಾವಡಿಯ ರೂಟರಿನ ವೈಫೈ ಒಳಕೋಣೆಯ ಪ್ರಿಂಟರಿಗೆ ಕುಂಟುತ್ತ ತಲುಪುತ್ತದೆ. ಎರಡು ಪುಟ ಬಂದು ಮೂರನೆಯದು ಅರ್ಧಕ್ಕೆ ನಿಂತರೆ ಗೋಡೆಯ ಮೇಲೆ ಅನುಮಾನಪಡಿ. ಪ್ರಿಂಟರಿನಲ್ಲಿ ಜಾಗವಿದ್ದರೆ ರೂಟರಿನಿಂದ ಒಂದು ಕೇಬಲ್ ಎಳೆಯುವುದು ಎಲ್ಲಕ್ಕಿಂತ ಖಾತ್ರಿ. ಇನ್ನು ಮೂಡುಬಿದಿರೆಯಂಥ ಕಾಲೇಜು, ಹಾಸ್ಟೆಲುಗಳ ಊರಿನಲ್ಲಿ ಬೇರೆಯದೇ ಕಥೆ. ನೂರಾರು ಜನ ಬಳಸುವ ವೈಫೈನಲ್ಲಿ ಒಬ್ಬರ ಸಾಧನ ಇನ್ನೊಬ್ಬರಿಗೆ ಕಾಣದಂತೆ ಸುರಕ್ಷತೆಗಾಗಿ ಬೇಲಿ ಹಾಕಿರುವುದುಂಟು. ಇಂಟರ್ನೆಟ್ ಚೆನ್ನಾಗಿ ಬರುತ್ತದೆ, ಪಕ್ಕದ ಮೇಜಿನ ಪ್ರಿಂಟರ್ ಮಾತ್ರ ಕಾಣುವುದಿಲ್ಲ. ಮನೆಯ ರೂಟರಿನ ‘ಗೆಸ್ಟ್’ ವೈಫೈನಲ್ಲೂ ಹೀಗೇ. ಹಾಲ್ ಟಿಕೆಟ್ ಮುದ್ರಿಸಬೇಕಾದ ಬೆಳಿಗ್ಗೆ ಇದರೊಂದಿಗೆ ಗುದ್ದಾಡಬೇಡಿ, ಯುಎಸ್‌ಬಿ ಕೇಬಲ್ ಸಿಕ್ಕಿಸಿ ಕೆಲಸ ಮುಗಿಸಿ.

ಹ್ಯಾಕರ್ ಭಯ, ನಕಲಿ ಸಹಾಯವಾಣಿ

ಲಿನಕ್ಸ್‌ನಲ್ಲಿ ಪ್ರಿಂಟ್ ಕೊಟ್ಟರೆ ಹ್ಯಾಕರ್ ಒಳಬರುತ್ತಾನೆ ಎಂಬ ಫಾರ್ವರ್ಡ್‌ಗೂ ಒಂದು ಮೂಲವಿದೆ. 2024ರ ಸೆಪ್ಟೆಂಬರಿನಲ್ಲಿ ಇಟಲಿಯ ಸಂಶೋಧಕ ಸಿಮೋನೆ ಮಾರ್ಗರಿಟೆಲ್ಲಿ ಕಪ್ಸ್‌ಗೆ ಸಂಬಂಧಿಸಿದ ದೋಷಗಳನ್ನು ಬಯಲಿಗೆ ತಂದರು. ಪ್ರಿಂಟರುಗಳನ್ನು ತಾನಾಗಿ ಹುಡುಕುವ ‘ಕಪ್ಸ್ ಬ್ರೌಸ್ಡ್’ ಎಂಬ ಭಾಗವನ್ನು ಮೋಸಗೊಳಿಸಿ ನಕಲಿ ಪ್ರಿಂಟರ್ ಸೇರಿಸಬಹುದಿತ್ತು. ಅದಕ್ಕೆ ನೀವು ಪುಟ ಕಳಿಸಿದರೆ ದಾಳಿಕೋರನ ಆಜ್ಞೆ ನಿಮ್ಮ ಕಂಪ್ಯೂಟರಿನಲ್ಲಿ ಓಡುತ್ತಿತ್ತು. ದೋಷ ನಿಜ, ಪರಿಹಾರವೂ ಬಂದಿದೆ. ಆ ನಂತರ ಅಪ್‌ಡೇಟ್ ಮಾಡಿಲ್ಲದಿದ್ದರೆ ಇವತ್ತೇ ಮಾಡಿ.

ಇದಕ್ಕಿಂತ ಹತ್ತಿರದ ಅಪಾಯ ಇನ್ನೊಂದಿದೆ. ಪ್ರಿಂಟರ್ ಕೆಟ್ಟಿತೆಂದು ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುವವರಿಗಾಗಿಯೇ ವಂಚಕರು ನಕಲಿ ನಂಬರ್ ಹಾಕಿ ಕಾದಿರುತ್ತಾರೆ. ಕರೆ ಮಾಡಿದರೆ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸುತ್ತಾರೆ, ಸಣ್ಣ ಶುಲ್ಕ ಎಂದು ಹತ್ತು ರೂಪಾಯಿ ಕಳಿಸಲು ಹೇಳುತ್ತಾರೆ, ನೀವು ಪಿನ್ ಒತ್ತುವುದನ್ನು ಅಲ್ಲಿಂದ ನೋಡುತ್ತಾರೆ. ಕಂಪನಿಯ ನಂಬರನ್ನು ಪ್ರಿಂಟರಿನ ಡಬ್ಬಿಯಿಂದ ಅಥವಾ ಕೈಪಿಡಿಯಿಂದ ಮಾತ್ರ ತೆಗೆದುಕೊಳ್ಳಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ.

ಲಿನಕ್ಸ್‌ಗೆ ನಿಜಕ್ಕೂ ಕಷ್ಟವಾಗುವ ಪ್ರಿಂಟರುಗಳು

ಇವೆ, ಇಲ್ಲವೆನ್ನುವುದಿಲ್ಲ. ಜೆರಾಕ್ಸ್ ಅಂಗಡಿಗಳಲ್ಲಿ ವರ್ಷಗಟ್ಟಲೆ ದುಡಿದ ಕ್ಯಾನನ್ ಎಲ್‌ಬಿಪಿ 2900 ಗಟ್ಟಿ ಯಂತ್ರ. ಆದರೆ ಅದು ಕ್ಯಾಪ್ಟ್ ಎಂಬ ಕಂಪನಿಯದ್ದೇ ಭಾಷೆ ಮಾತಾಡುತ್ತದೆ, ವೈಫೈ ಇಲ್ಲ. ಅದನ್ನು ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿ ಅಲ್ಲಿಂದ ಲಿನಕ್ಸ್‌ಗೆ ಹಂಚಿಕೊಂಡರೆ ಆ ಕಂಪ್ಯೂಟರ್ ಸದಾ ಆನ್ ಇರಬೇಕು, ಅದರ ವಿಳಾಸವೂ ಬದಲಾಗಬಾರದು. ಇಂಥದ್ದನ್ನು ಲಿನಕ್ಸ್‌ಗೆ ಒಗ್ಗಿಸಲು ದಿನ ಕಳೆಯುವ ಬದಲು ಇರುವ ಕಂಪ್ಯೂಟರಿನಲ್ಲೇ ಬಿಡುವುದು ಲೇಸು.

ಹೊಸದು ಕೊಳ್ಳುವವರು ಡಬ್ಬಿಯ ಮೇಲೆ ‘ಏರ್‌ಪ್ರಿಂಟ್’ ಎಂಬ ಪದ ಇದೆಯೇ ನೋಡಿ. ಅದು ಆಪಲ್ 2010ರಲ್ಲಿ ತಂದ ವಿಧಾನ, ಐಫೋನ್‌ಗಾಗಿ ಮಾಡಿದ್ದು. ಡ್ರೈವರ್ ಇಲ್ಲದೆ ಮುದ್ರಿಸುವ ಅದೇ ದಾರಿಯಲ್ಲಿ ಈಗಿನ ಲಿನಕ್ಸ್ ಕೂಡ ಸಾಗುತ್ತದೆ. ಅಂಗಡಿಯವರಿಗೆ ಲಿನಕ್ಸ್ ಎಂದರೆ ಅರ್ಥವಾಗದಿದ್ದರೆ ಐಫೋನಿನಿಂದ ನೇರ ಪ್ರಿಂಟ್ ಬರುತ್ತದೆಯೇ ಎಂದು ಕೇಳಿ. ಹೌದು ಎಂದರೆ ಎದುರಿಗೇ ಒಂದು ಪುಟ ತೆಗೆಸಿ ನೋಡಿ.