ಭಾರಿ ಮೈಯ ಹಗುರ ಹೆಜ್ಜೆ

ದಪ್ಪಗಿರುವವನನ್ನು ನಗೆಪಾಟಲು ಮಾಡುವುದು ರಂಗಭೂಮಿಯ ಹಳೆಯ ಚಾಳಿ. ಅವನು ವಿದೂಷಕನಾಗಬೇಕು, ತಿಂಡಿಪೋತನಾಗಬೇಕು. ನಾಯಕನಾಗಕೂಡದು, ಪ್ರಣಯಿಯಂತೂ ಆಗಲೇಕೂಡದು. ಅಮೆರಿಕದ ಕಪ್ಪುಜನರ ಸಂಗೀತದಲ್ಲಿ ಈ ಕಟ್ಟಳೆಯನ್ನು ನಗುನಗುತ್ತಲೇ ಮುರಿದವನು ಡ್ವೈಟ್ ಮೈಯರ್ಸ್. ಲೋಕ ಅವನನ್ನು ಬಲ್ಲದ್ದು ಹೆವಿ ಡಿ ಎಂಬ ಹೆಸರಿನಿಂದ. ಹೆವಿ ಎಂದರೆ ಭಾರ. ತನ್ನ ತೂಕವನ್ನು ಮರೆಮಾಚುವ ಬದಲು ಆತ ಅದನ್ನು ಬಿರುದಿನಂತೆ ಧರಿಸಿದ. ತಾನು ‘ಓವರ್‌ವೇಟ್ ಲವರ್’, ಅಂದರೆ ಮಿತಿಮೀರಿದ ತೂಕದ ಪ್ರೇಮಿ, ಎಂದು ಸಾರಿಕೊಂಡ. ಸಾರಿಕೊಂಡು ಸುಮ್ಮನಾಗಲಿಲ್ಲ, ಕುಣಿದ. ಆ ಮೈ ಅಷ್ಟು ಹಗುರಾಗಿ ಕುಣಿಯುವುದನ್ನು ಚಿತ್ರಗಳಲ್ಲಿ ಕಂಡವರು ಮೊದಲು ಬೆರಗಾಗುತ್ತಾರೆ, ಆಮೇಲೆ ಮೈಯನ್ನೇ ಮರೆಯುತ್ತಾರೆ.

ಆತ ಹುಟ್ಟಿದ್ದು 1967ರ ಮೇ 24ರಂದು, ಜಮೈಕಾ ದ್ವೀಪದ ಮ್ಯಾಂಡೆವಿಲ್ ಊರಿನಲ್ಲಿ. ಬೆಳೆದದ್ದು ನ್ಯೂಯಾರ್ಕ್ ನಗರದ ಉತ್ತರದ ಎಲ್ಲೆಗೆ ತಾಗಿದಂತಿರುವ ಮೌಂಟ್ ವರ್ನನ್‌ನಲ್ಲಿ. ಜೊತೆಗಾರರನ್ನು ಕೂಡಿಸಿ ‘ಹೆವಿ ಡಿ ಅಂಡ್ ದ ಬಾಯ್ಜ್’ ಎಂಬ ತಂಡ ಕಟ್ಟಿದ. ಆಂಡ್ರೆ ಹ್ಯಾರೆಲ್ 1986ರಲ್ಲಿ ಅಪ್‌ಟೌನ್ ಎಂಬ ಧ್ವನಿಮುದ್ರಣ ಸಂಸ್ಥೆಯನ್ನು ತೆರೆದಾಗ ಮೊದಲು ಒಪ್ಪಂದವಾದದ್ದು ಈ ತಂಡದೊಡನೆ. ಮರುವರ್ಷ ‘ಲಿವಿಂಗ್ ಲಾರ್ಜ್’ ಹೊರಬಂತು.

ರ್‍ಯಾಪ್ ಎಂದರೆ ತಾಳಕ್ಕೆ ಕಟ್ಟುಬಿದ್ದ ಪ್ರಾಸದ ಮಾತು. ರಾಗ ಅದಕ್ಕೆ ಹಂಗಲ್ಲ. ಆ ಮಾತನ್ನೂ ಇಂಪಾದ ಹಾಡಿಕೆಯನ್ನೂ ಒಂದೇ ನೊಗಕ್ಕೆ ಹೂಡಿದ್ದು ಹಾರ್ಲೆಮ್‌ನ ಟೆಡ್ಡಿ ರೈಲಿ ಎಂಬ ಇಪ್ಪತ್ತರ ಹುಡುಗ. ಪತ್ರಕರ್ತ ಬ್ಯಾರಿ ಮೈಕೆಲ್ ಕೂಪರ್ 1987ರಲ್ಲಿ ‘ವಿಲೇಜ್ ವಾಯ್ಸ್’ ಪತ್ರಿಕೆಯಲ್ಲಿ ಬರೆಯುತ್ತ ಈ ಹೊಸ ಬಗೆಗೆ ‘ನ್ಯೂ ಜ್ಯಾಕ್ ಸ್ವಿಂಗ್’ ಎಂದು ಹೆಸರಿಟ್ಟ. ತರಗತಿಯಲ್ಲಿ ಛಂದಸ್ಸು ಹೇಳುವ ನನಗೆ ಅದರ ಗುಟ್ಟು ಹಿಡಿಸಿದ್ದು ಲೆಕ್ಕದ ಕಡೆಯಿಂದ. ತಾಳ ಹೊಡೆಯುವುದು ಯಂತ್ರ. ಆದರೆ ಪೆಟ್ಟಿನ ಎರಡು ಅರೆಗಳು ಸಮನಾಗಿರುವುದಿಲ್ಲ. ಮೊದಲಿನದು ತುಸು ಎಳೆಯುತ್ತದೆ, ಎರಡನೆಯದು ಚುಟುಕಾಗಿ ಓಡಿಬಂದು ಸೇರುತ್ತದೆ. ಕಾಲು ತಾನಾಗಿ ಅಲುಗುವುದು ಆ ಕೊಂಕಿನಿಂದಲೇ. ಆ ಕೊಂಕಿನ ಮೇಲೆ ಮಾತನ್ನು ಅವಸರವಿಲ್ಲದೆ, ಉಸಿರು ಕಟ್ಟದೆ ನಡೆಸುವುದರಲ್ಲಿ ಹೆವಿ ಡಿ ನಿಪುಣ. ರೈಲಿಯೂ ಕೈಗೂಡಿಸಿದ ‘ಬಿಗ್ ಟೈಮ್’ (1989) ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು.

1990ರ ಜುಲೈನಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಕಚೇರಿ ಮುಗಿದ ಮೇಲೆ, ತಂಡದ ನರ್ತಕ ಟ್ರಾಯ್ ಡಿಕ್ಸನ್ ಹುಡುಗಾಟದ ನಡುವೆ ಎತ್ತರದಿಂದ ಬಿದ್ದು ಜುಲೈ 15ರಂದು ತೀರಿಕೊಂಡ. ವಯಸ್ಸು 22. ಮರುವರ್ಷದ ಧ್ವನಿಮುದ್ರಿಕೆಗೆ ಹೆವಿ ಡಿ ಇಟ್ಟ ಹೆಸರು ‘ಪೀಸ್‌ಫುಲ್ ಜರ್ನಿ’, ಶಾಂತವಾದ ಪಯಣ. ಅಳುವಿನ ಹೆಸರು ಹೊತ್ತ ಅದರಲ್ಲೇ ಆತನ ಅತ್ಯಂತ ಉಲ್ಲಾಸದ ಹಾಡೂ ಇದೆ: ‘ನೌ ದಟ್ ವಿ ಫೌಂಡ್ ಲವ್’. ಫಿಲಡೆಲ್ಫಿಯಾದ ಗ್ಯಾಂಬಲ್ ಮತ್ತು ಹಫ್ ಕಟ್ಟಿದ ಈ ಹಾಡನ್ನು 1973ರಲ್ಲಿ ಓಜೇಸ್ ಹಾಡಿದ್ದರು. 1978ರಲ್ಲಿ ಜಮೈಕಾದ ಥರ್ಡ್ ವರ್ಲ್ಡ್ ತಂಡ ಅದನ್ನು ತನ್ನ ದ್ವೀಪದ ಲಯಕ್ಕೆ ಒಗ್ಗಿಸಿತ್ತು. ಆ ದ್ವೀಪದಲ್ಲೇ ಹುಟ್ಟಿದವನು ಮತ್ತೆ ಅದನ್ನು ಎತ್ತಿಕೊಂಡ. ಪಲ್ಲವಿಗೆ ಆರನ್ ಹಾಲ್, ಮಾತಿಗೆ ತಾನು, ತಾಳಕ್ಕೆ ರೈಲಿ. ಇಂಗ್ಲೆಂಡಿನ ಪಟ್ಟಿಯಲ್ಲಿ ಅದು ಎರಡನೆಯ ಸ್ಥಾನಕ್ಕೇರಿತು. ಇದು ಬರಿಯ ಕುಣಿತದ ಸರಕು ಎನ್ನುವವರಿದ್ದಾರೆ. ಗೆಳೆಯನನ್ನು ಮಣ್ಣಿಗಿಟ್ಟು ಬಂದವನು ಕಟ್ಟಿಕೊಟ್ಟ ಕುಣಿತ ಅದೆಂಬುದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಟ್ರಾಯ್ ನೆನಪಿಗೆ ಹೆವಿ ಡಿಯ ದಾಯಾದಿ ಪೀಟ್ ರಾಕ್, ಸಿ. ಎಲ್. ಸ್ಮೂತ್ ಜೊತೆಗೂಡಿ 1992ರಲ್ಲಿ ಮಾಡಿದ ಹಾಡು ರ್‍ಯಾಪ್ ಪ್ರಪಂಚದ ಚರಮಗೀತೆಗಳಲ್ಲೇ ಹೆಸರಾದದ್ದು.

ಬೈಗುಳವಿಲ್ಲದೆ ರ್‍ಯಾಪ್ ಇಲ್ಲವೆಂಬ ಮಾತು ಬಲಿಯುತ್ತಿದ್ದ ಕಾಲವದು. 1990ರಲ್ಲಿ ಫ್ಲೋರಿಡಾದ ನ್ಯಾಯಾಲಯವೊಂದು ಇನ್ನೊಂದು ತಂಡದ ಧ್ವನಿಮುದ್ರಿಕೆಯನ್ನೇ ಅಶ್ಲೀಲವೆಂದು ತೀರ್ಪಿತ್ತಿತ್ತು. ಆ ತೀರ್ಪು 1992ರಲ್ಲಿ ಬಿದ್ದುಹೋಯಿತು. ಹೆವಿ ಡಿ ಉಪದೇಶಕ್ಕೆ ನಿಲ್ಲಲಿಲ್ಲ. ಸಮಕಾಲೀನ ರ್‍ಯಾಪ್‌ಗಾರರ ಒಂದು ಗುಂಪನ್ನೇ ಕರೆದು ‘ಡೋಂಟ್ ಕರ್ಸ್’ ಎಂಬ ಹಾಡು ಮಾಡಿದ. ಬೈಯದೆ ಮೆರೆಯುವುದೇ ಅಲ್ಲಿನ ಪಂಥ. ತುಟಿ ತಾಗುವ ಅಕ್ಷರವನ್ನು ಬಿಟ್ಟು ಪದ್ಯ ಕಟ್ಟುತ್ತಿದ್ದ ನಮ್ಮ ಚಿತ್ರಕವಿಗಳಿಗೆ ಇದು ಮೆಚ್ಚುಗೆಯಾಗುತ್ತಿತ್ತು.

ಅದೇ 1991ರ ಡಿಸೆಂಬರ್ 28ರ ಘಟನೆಯನ್ನು ಮುಚ್ಚಿಡುವುದು ಸರಿಯಲ್ಲ. ಅಪ್‌ಟೌನ್‌ನ ಶಾನ್ ಕೋಂಬ್ಸ್ ಜೊತೆ ಸೇರಿ ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಧರ್ಮಾರ್ಥ ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದನ್ನು ಏರ್ಪಡಿಸಿದ್ದ. ಒಳಗೆ ಹಿಡಿಸುವುದಕ್ಕಿಂತ ಎಷ್ಟೋ ಹೆಚ್ಚು ಜನ ಬಂದರು. ನೂಕುನುಗ್ಗಲಿನಲ್ಲಿ ಒಂಬತ್ತು ಮಂದಿ ಎಳೆಯರು ಸತ್ತರು. ಮುಂದೆ ನ್ಯಾಯಾಲಯ ಹೊಣೆಯ ಅರ್ಧವನ್ನು ವಿಶ್ವವಿದ್ಯಾಲಯಕ್ಕೂ ಉಳಿದರ್ಧವನ್ನು ಇವರಿಬ್ಬರಿಗೂ ಹೊರಿಸಿತು. ಉಲ್ಲಾಸವೇ ಬಾಳಿನ ಕಸುಬಾದವನ ಹೆಗಲಿಗೆ ಇದು ಎಷ್ಟು ಭಾರವಾಗಿದ್ದಿರಬೇಕು!

ಅಷ್ಟರಲ್ಲಿ ಆ ಕಂಠಕ್ಕೆ ಎಲ್ಲೆಡೆಯಿಂದ ಕರೆ ಬರುತ್ತಿತ್ತು. ಜಾನೆಟ್ ಜಾಕ್ಸನ್‌ಳ ‘ಆಲ್‌ರೈಟ್’ (1990) ಹಾಡಿನ ಮರುರೂಪದಲ್ಲಿ, ಅವಳಣ್ಣ ಮೈಕೆಲನ ‘ಜ್ಯಾಮ್’ನಲ್ಲಿ ಕೇಳುವ ರ್‍ಯಾಪ್ ಇವನದೇ. ಮುಂದೆ ಅಪ್‌ಟೌನ್‌ನ ಅಧ್ಯಕ್ಷನೂ ಆದ. ಸೋಲ್ ಫಾರ್ ರಿಯಲ್ ಎಂಬ ನಾಲ್ವರು ಅಣ್ಣತಮ್ಮಂದಿರ ತಂಡದ ‘ಕ್ಯಾಂಡಿ ರೈನ್’ ಹಾಡನ್ನು ಕಟ್ಟಿದವರಲ್ಲಿ ಒಬ್ಬನಾಗಿ, ತಾನು ಹಾಡದೆಯೂ ಗೆಲ್ಲಬಲ್ಲೆನೆಂದು ತೋರಿಸಿದ. ‘ದ ಸೈಡರ್ ಹೌಸ್ ರೂಲ್ಸ್’ (1999) ಚಿತ್ರದಲ್ಲಿ ಸಣ್ಣ ಪಾತ್ರ. 2008ರಲ್ಲಿ ಹುಟ್ಟೂರಿನ ರೆಗೆ ಲಯಕ್ಕೆ ಮರಳಿ ‘ವೈಬ್ಸ್’.

2011ರ ಅಕ್ಟೋಬರ್‌ನಲ್ಲಿ, ಬಹುಕಾಲದ ಮೇಲೆ, ಮತ್ತೆ ಅಮೆರಿಕದ ವೇದಿಕೆ ಹತ್ತಿದ. ಅದೇ ತಿಂಗಳು ಮೈಕೆಲ್ ಜಾಕ್ಸನ್ ಸ್ಮರಣೆಯ ಕಚೇರಿಗಾಗಿ ವೇಲ್ಸ್‌ನ ಕಾರ್ಡಿಫ್‌ಗೆ ಹೋಗಿಬಂದ. ನವೆಂಬರ್ 8ರಂದು ಮನೆಯ ಹೊರಗೆ ಕುಸಿದು ಪ್ರಾಣಬಿಟ್ಟಾಗ ಆತನಿಗೆ 44 ವರ್ಷ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಏರಿತ್ತು. ದೀರ್ಘ ವಿಮಾನಪ್ರಯಾಣವೇ ಅದಕ್ಕೆ ಕಾರಣವಾಗಿರಬಹುದೆಂದು ಮರಣವಿಚಾರಣೆಯ ಅಧಿಕಾರಿಗಳು ತಿಳಿಸಿದರು. ಅಂತ್ಯವಿಧಿ ನಡೆದದ್ದು ಮೌಂಟ್ ವರ್ನನ್‌ನ ಗ್ರೇಸ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ.